ಒಂದು ಕಂಪನಿಗೆ ಎಷ್ಟು ಕಾರು? ಜನರಲ್ ಮೋಟಾರ್ಸ್ ಮತ್ತು ನೂರು ವರ್ಷಗಳ ವಾದ

ಕಾರು ಕಂಪನಿಯೊಂದು ಎಷ್ಟು ಬಗೆಯ ಕಾರುಗಳನ್ನು ತಯಾರಿಸಬೇಕು? ಕೇಳಲು ಸರಳವಾದ ಈ ಪ್ರಶ್ನೆಗೆ ಅಮೆರಿಕದ ವಾಹನೋದ್ಯಮ ನೂರು ವರ್ಷಗಳಿಂದ ಉತ್ತರ ಹುಡುಕುತ್ತಲೇ ಇದೆ. ಹೆನ್ರಿ ಫೋರ್ಡ್ ಒಂದೇ ಮಾದರಿ ಸಾಕೆಂದು ನಂಬಿ ಲೋಕದ ಅತಿದೊಡ್ಡ ಕಾರು ತಯಾರಕರಾದರು. ಅದೇ ನಂಬಿಕೆಗೆ ಜೋತುಬಿದ್ದು ಆ ಸ್ಥಾನ ಕಳೆದುಕೊಂಡರು. ಜನರಲ್ ಮೋಟಾರ್ಸ್ ಷೆವರ್ಲೆಯಿಂದ ಕ್ಯಾಡಿಲಾಕ್‌ವರೆಗೆ ಐದು ಹೆಸರುಗಳನ್ನು ಬೆಲೆಯ ಏಣಿಯಂತೆ ಜೋಡಿಸಿ ಫೋರ್ಡನ್ನು ಹಿಂದಿಕ್ಕಿತು. 1960ರ ದಶಕದ ಆರಂಭದ ಹೊತ್ತಿಗೆ ಅಮೆರಿಕದಲ್ಲಿ ಮಾರಾಟವಾಗುವ ಕಾರುಗಳಲ್ಲಿ ಅರ್ಧದಷ್ಟು ಅದರದೇ ಆಗಿದ್ದವು. ಅದೇ ಕಂಪನಿ 2009ರ ಜೂನ್ 1ರಂದು ದಿವಾಳಿ ಅರ್ಜಿ ಹಾಕಿದಾಗ ಅದರ ಕೈಯಲ್ಲಿ ಎಂಟು ಬ್ರ್ಯಾಂಡ್‌ಗಳಿದ್ದವು; ಉಳಿಯಬೇಕಾದರೆ ಅರ್ಧವನ್ನು ಕೈಬಿಡಬೇಕಾಯಿತು. ಮಾದರಿಗಳ ವೈವಿಧ್ಯವೇ ಬಲ ಎನ್ನುವವರಿಗೂ ಅದೇ ರೋಗ ಎನ್ನುವವರಿಗೂ ಈ ಒಂದೇ ಕಂಪನಿಯ ಚರಿತ್ರೆ ಸಾಕ್ಷ್ಯ ಒದಗಿಸುತ್ತದೆ. ಹಾಗಾಗಿ ಇಡೀ ಚರ್ಚೆಯನ್ನು ಇದರ ಮೇಲೇ ಇಟ್ಟು ನೋಡುವುದು ಅನುಕೂಲ. ಈ ಲೇಖನದ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಮಾದರಿಗಳು ಎಷ್ಟಿವೆ ಎನ್ನುವುದಕ್ಕಿಂತ, ಒಂದು ಮಾದರಿಗೂ ಇನ್ನೊಂದಕ್ಕೂ ನಡುವಿನ ಅಂತರವನ್ನು ಕಂಪನಿಯೊಳಗೆ ಯಾರು ಕಾಯುತ್ತಾರೆ ಎನ್ನುವುದು ಹೆಚ್ಚಿನದನ್ನು ವಿವರಿಸುತ್ತದೆ.

ಏಣಿ ಕಟ್ಟಿದ ಬಗೆ

1908ರ ಸೆಪ್ಟೆಂಬರ್‌ನಲ್ಲಿ ವಿಲಿಯಂ ಡ್ಯುರಾಂಟ್ ಜನರಲ್ ಮೋಟಾರ್ಸ್ ಸ್ಥಾಪಿಸಿದಾಗ ಅವರ ಮುಂದೆ ಯಾವ ಏಣಿಯೂ ಇರಲಿಲ್ಲ. ಮಿಶಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಕುದುರೆಗಾಡಿ ಮಾರಿ ದುಡ್ಡು ಮಾಡಿದ್ದ ಡ್ಯುರಾಂಟ್, ಕಾರಿನ ಉದ್ಯಮ ಯಾವ ಕಡೆ ಹೊರಳುತ್ತದೋ ತಿಳಿಯದ ಕಾಲದಲ್ಲಿ ಎಲ್ಲದರಲ್ಲೂ ಒಂದಿಷ್ಟು ಪಾಲು ಇರಲಿ ಎಂದು ಕಂಡ ಕಂಡ ಕಂಪನಿಗಳನ್ನು ಕೊಂಡರು. ಬ್ಯೂಯಿಕ್ ಮೊದಲೇ ಅವರ ಕೈಯಲ್ಲಿತ್ತು. ಅದೇ ವರ್ಷ ಓಲ್ಡ್ಸ್‌ಮೊಬೈಲ್, ಮರುವರ್ಷ ಕ್ಯಾಡಿಲಾಕ್ ಮತ್ತು ಓಕ್‌ಲ್ಯಾಂಡ್ ಸೇರಿದವು. 1910ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಡ್ಯುರಾಂಟ್ ಅವರನ್ನು ಬದಿಗೆ ಸರಿಸಿದವು. ಅವರು ಲೂಯಿ ಷೆವರ್ಲೆ ಎಂಬ ರೇಸ್ ಚಾಲಕನ ಜೊತೆಗೂಡಿ 1911ರಲ್ಲಿ ಷೆವರ್ಲೆ ಕಂಪನಿ ಕಟ್ಟಿ, ಅದರ ಬಲದಿಂದಲೇ ಜನರಲ್ ಮೋಟಾರ್ಸನ್ನು ಮತ್ತೆ ವಶಕ್ಕೆ ತೆಗೆದುಕೊಂಡರು. 1920ರ ಕುಸಿತದಲ್ಲಿ ಎರಡನೇ ಸಲ, ಶಾಶ್ವತವಾಗಿ, ಹೊರಬಿದ್ದರು. ಅವರು ಬಿಟ್ಟುಹೋದ ಸಂಸ್ಥೆಯಲ್ಲಿ ಏಳು ಹೆಸರುಗಳಿದ್ದವು. ಅವುಗಳಲ್ಲಿ ಕೆಲವು ಒಂದೇ ಬೆಲೆಗೆ ಒಂದೇ ಗಿರಾಕಿಗಾಗಿ ತಮ್ಮೊಳಗೇ ಕಾದಾಡುತ್ತಿದ್ದವು. 1921ರಲ್ಲಿ ಬ್ಯೂಯಿಕ್ ಮತ್ತು ಕ್ಯಾಡಿಲಾಕ್ ಬಿಟ್ಟರೆ ಉಳಿದವು ನಷ್ಟದಲ್ಲಿದ್ದವು. ಫೋರ್ಡ್ ಆಗ ಮಾರುಕಟ್ಟೆಯ ಶೇಕಡ 60ರಷ್ಟನ್ನು ಹಿಡಿದಿತ್ತು. ಷೆವರ್ಲೆಯ ಪಾಲು ಶೇಕಡ 4ರ ಆಸುಪಾಸು.

ಈ ಗೊಂದಲದ ನಡುವೆ 1921ರಲ್ಲಿ ಆಲ್‌ಫ್ರೆಡ್ ಸ್ಲೋನ್ ನೇತೃತ್ವದ ಒಂದು ಸಣ್ಣ ಸಮಿತಿ ಕಂಪನಿಯ ಉತ್ಪನ್ನ ನೀತಿಯನ್ನು ಬರೆಯಿತು. 450 ಡಾಲರ್‌ನಿಂದ 3,500 ಡಾಲರ್‌ವರೆಗಿನ ಬೆಲೆಗಳನ್ನು ಆರು ಹಂತಗಳಾಗಿ ವಿಂಗಡಿಸಿ, ಪ್ರತಿ ಹಂತಕ್ಕೆ ಒಂದೇ ಹೆಸರು ಎಂದು ಅದು ಗೊತ್ತುಮಾಡಿತು. ಹಂತಗಳ ನಡುವೆ ದೊಡ್ಡ ಖಾಲಿಜಾಗವೂ ಇರಬಾರದು, ಒಂದರ ಮೇಲೊಂದು ಹಾಯಲೂ ಬಾರದು. ಫೋರ್ಡಿನ ಜೊತೆ ಬೆಲೆಯಲ್ಲಿ ನೇರ ಜಗಳಕ್ಕಿಳಿಯುವ ಬದಲು ಅದಕ್ಕಿಂತ ಸ್ವಲ್ಪ ಮೇಲೆ ನಿಂತು, ಇನ್ನೊಂದಿಷ್ಟು ಕೊಟ್ಟರೆ ಇಷ್ಟು ಒಳ್ಳೆಯ ಕಾರು ಸಿಗುತ್ತದಲ್ಲ ಎಂದು ಗಿರಾಕಿಗೆ ಅನ್ನಿಸಬೇಕು. ಮೇಲಿನ ಹಂತದವನಿಗೂ ಇದು ಉಳಿತಾಯವಾಗಿ ಕಾಣಬೇಕು. ಪ್ರತಿ ಹಂತದ ಕಾರನ್ನು ಆ ಹಂತದ ಬೆಲೆಯ ತುದಿಗೆ ಹತ್ತಿರ ಇಡುವುದು ಈ ಲೆಕ್ಕದ ಗುಟ್ಟಾಗಿತ್ತು. 1923ರಲ್ಲಿ ಸ್ಲೋನ್ ಅಧ್ಯಕ್ಷರಾದ ಮೇಲೆ ಕಾಗದದ ಮೇಲಿದ್ದುದು ಕಾರ್ಖಾನೆಗೆ ಇಳಿಯಿತು. 1926ರಲ್ಲಿ 825 ಡಾಲರ್‌ಗೆ ಬಿಡುಗಡೆಯಾದ ಪಾಂಟಿಯಾಕ್ ಇದರ ಅತ್ಯಂತ ಸ್ಪಷ್ಟ ಫಲ. ಷೆವರ್ಲೆಗೂ ಓಲ್ಡ್ಸ್‌ಮೊಬೈಲ್‌ಗೂ ನಡುವಿನ ಖಾಲಿಜಾಗ ತುಂಬಲೆಂದೇ ಅದನ್ನು ರೂಪಿಸಿದ್ದರು. ಅದಕ್ಕೆ ಆರು ಸಿಲಿಂಡರಿನ ಹೊಸ ಎಂಜಿನ್, ಆದರೆ ಬಾಡಿಯಲ್ಲಿ ಷೆವರ್ಲೆಯ ಭಾಗಗಳು. ಎರಡು ಕಾರುಗಳು ಒಳಗೆ ಹಂಚಿಕೊಂಡು ಹೊರಗೆ ಬೇರೆಯಾಗಿರಬಹುದು ಎನ್ನುವುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟದ್ದು ಪಾಂಟಿಯಾಕ್. ಅದು ಎಷ್ಟು ಗೆದ್ದಿತೆಂದರೆ ಅದರ ತಾಯಿ ಹೆಸರಾದ ಓಕ್‌ಲ್ಯಾಂಡನ್ನೇ 1931ರಲ್ಲಿ ಮುಚ್ಚಿದರು.

ಅಗಲವೇ ಗೆದ್ದಿತು ಎನ್ನುವವರು

ಮೊದಲ ಪಂಥ ಮಾರುಕಟ್ಟೆಯ ಚರಿತ್ರಕಾರರದು. ರಿಚರ್ಡ್ ಟೆಡ್ಲೋ 1990ರ ತಮ್ಮ ಪುಸ್ತಕದಲ್ಲಿ ಅಮೆರಿಕದ ವ್ಯಾಪಾರ ಮೂರು ಘಟ್ಟ ದಾಟಿತೆಂದು ವಾದಿಸಿದರು: ಮೊದಲು ಊರೂರಿಗೆ ಚದುರಿದ ಸಣ್ಣ ಮಾರುಕಟ್ಟೆಗಳು, ಆಮೇಲೆ ಇಡೀ ದೇಶಕ್ಕೆ ಒಂದೇ ಸರಕು, ಕೊನೆಗೆ ಗಿರಾಕಿಗಳನ್ನು ಬಗೆಬಗೆಯಾಗಿ ವಿಂಗಡಿಸಿ ಮಾರುವ ಕಾಲ. ಫೋರ್ಡ್ ಎರಡನೆಯ ಘಟ್ಟದ ಒಡೆಯ, ಸ್ಲೋನ್ ಮೂರನೆಯದರ. ಮಾಡೆಲ್ ಟಿ 1908ರಿಂದ 1927ರವರೆಗೆ ಒಂದೂವರೆ ಕೋಟಿ ಸಂಖ್ಯೆಯಲ್ಲಿ ಹೊರಬಂದು ಅಮೆರಿಕಕ್ಕೆ ಮೊದಲ ಕಾರು ಕೊಟ್ಟಿತು. ಎರಡನೇ ಕಾರು ಕೊಳ್ಳಲು ಬಂದವನಿಗೆ ಕೊಡಲು ಫೋರ್ಡ್ ಬಳಿ ಏನೂ ಇರಲಿಲ್ಲ. ಈ ವಾದದಲ್ಲಿ ನನಗೆ ಅತ್ಯಂತ ಗಟ್ಟಿಯಾಗಿ ಕಾಣುವುದು ಹಳೇ ಕಾರಿನ ಪಾತ್ರ. 1920ರ ದಶಕದ ನಡುವಿನಲ್ಲಿ ಮಾಡೆಲ್ ಟಿಯ ನಿಜವಾದ ಪ್ರತಿಸ್ಪರ್ಧಿ ಇನ್ನೊಂದು ಹೊಸ ಕಾರಾಗಿರಲಿಲ್ಲ. ಅದೇ ಬೆಲೆಗೆ ಸಿಗುವ, ಅದಕ್ಕಿಂತ ಅನುಕೂಲವಾದ ಸೆಕೆಂಡ್ ಹ್ಯಾಂಡ್ ಬ್ಯೂಯಿಕ್ ಆಗಿತ್ತು. ಹಳೆಯದನ್ನು ಡೀಲರನಿಗೆ ಕೊಟ್ಟು, ಉಳಿದದ್ದನ್ನು ಕಂತಿನಲ್ಲಿ ಕಟ್ಟುವ ವ್ಯವಸ್ಥೆಯನ್ನು ಜನರಲ್ ಮೋಟಾರ್ಸ್ 1919ರಲ್ಲೇ ತನ್ನ ಸಾಲ ಸಂಸ್ಥೆಯ ಮೂಲಕ ಶುರುಮಾಡಿತ್ತು. ಮುಚ್ಚಿದ ಮೇಲ್ಛಾವಣಿಯ ಕಾರುಗಳು 1919ರಲ್ಲಿ ಮಾರಾಟದ ಶೇಕಡ 10ರಷ್ಟಿದ್ದವು, 1927ರ ಹೊತ್ತಿಗೆ ಶೇಕಡ 85. ಮಾಡೆಲ್ ಟಿಯ ಹಗುರ ಚಾಸಿಗೆ ಆ ಭಾರದ ಬಾಡಿ ಒಗ್ಗುತ್ತಿರಲಿಲ್ಲ. ಕಂತು, ಎಕ್ಸ್‌ಚೇಂಜ್, ಮುಚ್ಚಿದ ಬಾಡಿ, ವರ್ಷವರ್ಷವೂ ಹೊಸ ರೂಪ: ಈ ನಾಲ್ಕನ್ನೂ ಸ್ಲೋನ್ ಅವರೇ ತಮ್ಮ ಆತ್ಮಕಥನದಲ್ಲಿ ಗೆಲುವಿನ ಕಾರಣಗಳೆಂದು ಎಣಿಸಿದ್ದಾರೆ. 1927ರಲ್ಲಿ ಫೋರ್ಡ್ ಹೊಸ ಮಾದರಿಗಾಗಿ ತಿಂಗಳುಗಟ್ಟಲೆ ಕಾರ್ಖಾನೆ ಮುಚ್ಚಿದಾಗ ಷೆವರ್ಲೆ ಮೊದಲ ಸ್ಥಾನಕ್ಕೆ ಬಂತು.

ಇದೇ ಪಂಥಕ್ಕೆ ಇನ್ನೊಂದು ಕವಲಿದೆ. ಅದು ಗಿರಾಕಿಯನ್ನು ಬಿಟ್ಟು ಕಾರ್ಖಾನೆಯನ್ನು ನೋಡುತ್ತದೆ. ಡೇವಿಡ್ ಹೌನ್‌ಷೆಲ್ 1984ರಲ್ಲಿ ತೋರಿಸಿದಂತೆ, ಫೋರ್ಡಿನ ಯಂತ್ರಗಳು ಒಂದೊಂದೂ ಒಂದೇ ಭಾಗವನ್ನು ಮಾತ್ರ ಮಾಡಬಲ್ಲವಾಗಿದ್ದವು. ಷೆವರ್ಲೆಯ ಕಾರ್ಖಾನೆಗಳಲ್ಲಿ ಹೆಚ್ಚು ಸಾಮಾನ್ಯ ಯಂತ್ರಗಳನ್ನೇ ಬಳಸಿ ಬದಲಾವಣೆಗೆ ಜಾಗ ಬಿಟ್ಟಿದ್ದರು. ಡೇನಿಯಲ್ ರಾಫ್ ಎಂಬ ಆರ್ಥಿಕ ಚರಿತ್ರಕಾರರು ಇದನ್ನು ಮುಂದುವರಿಸಿ, ಜನರಲ್ ಮೋಟಾರ್ಸ್ ಕೆಳಮಟ್ಟದಲ್ಲಿ ಭಾಗಗಳನ್ನು ಹಂಚಿಕೊಂಡು ಮೇಲ್ಮಟ್ಟದಲ್ಲಿ ವೈವಿಧ್ಯ ತೋರಿದ್ದರಿಂದಲೇ ಲಾಭ ಬಂತೆಂದರು. ಇಲ್ಲಿ ವೈವಿಧ್ಯ ಮತ್ತು ಅಗ್ಗದ ಉತ್ಪಾದನೆ ಒಂದಕ್ಕೊಂದು ಶತ್ರುಗಳಲ್ಲ. ಈ ವಾದ ಎರಡು ಮಹಾಯುದ್ಧಗಳ ನಡುವಿನ ಕಾಲವನ್ನು, ಅಂದರೆ 1920 ಮತ್ತು 30ರ ದಶಕಗಳನ್ನು, ಚೆನ್ನಾಗಿ ವಿವರಿಸುತ್ತದೆ. ಆದರೆ ಅದೇ ಹಂಚಿಕೆ ಐವತ್ತು ವರ್ಷಗಳ ನಂತರ ಕಂಪನಿಗೆ ಏಕೆ ಮುಳುವಾಯಿತು ಎಂದು ಕೇಳಿದರೆ ಇವರ ಬಳಿ ಸಿದ್ಧ ಉತ್ತರವಿಲ್ಲ.

ದುಂದು ಎಂದವರು, ಬೇಲಿ ಎಂದವರು

ಎರಡನೇ ಪಂಥ ಎರಡನೇ ಮಹಾಯುದ್ಧದ ನಂತರ ಬೆಳೆಯಿತು. ವ್ಯಾನ್ಸ್ ಪ್ಯಾಕರ್ಡ್ 1960ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ, ಚೆನ್ನಾಗಿ ಓಡುವ ಕಾರನ್ನು ಹಳತೆಂದು ತೋರಿಸುವುದೇ ಈ ಉದ್ಯಮದ ಕಸುಬಾಗಿದೆ ಎಂದು ದೂರಿದರು. ಇದು ನೀತಿಯ ಮಾತು. ಇದಕ್ಕಿಂತ ಹೆಚ್ಚು ಕೊರೆಯುವುದು ಫ್ರ್ಯಾಂಕ್ಲಿನ್ ಫಿಷರ್, ಜ್ವಿ ಗ್ರಿಲಿಕೆಸ್ ಮತ್ತು ಕಾರ್ಲ್ ಕೇಸನ್ 1962ರಲ್ಲಿ ಮಾಡಿದ ಲೆಕ್ಕ. ಕಾರುಗಳು 1949ರ ಗಾತ್ರ ಮತ್ತು ಶಕ್ತಿಯಲ್ಲೇ ಉಳಿದಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಅವರು ಕೇಳಿಕೊಂಡರು. 1950ರ ದಶಕದ ಕೊನೆಯ ವರ್ಷಗಳಲ್ಲಿ ಮಾದರಿ ಬದಲಾವಣೆಯ ಒಟ್ಟು ವೆಚ್ಚ ವರ್ಷಕ್ಕೆ ಸುಮಾರು 500 ಕೋಟಿ ಡಾಲರ್ ಎಂದು ಅವರ ಅಂದಾಜು. ಒಂದೊಂದು ಕಾರಿನ ಬೆಲೆಯಲ್ಲೇ ಸುಮಾರು 700 ಡಾಲರ್, ಅಂದರೆ ಕಾಲುಭಾಗಕ್ಕೂ ಹೆಚ್ಚು. ದೊಡ್ಡ ಎಂಜಿನ್ ಕುಡಿಯುವ ಹೆಚ್ಚುವರಿ ಪೆಟ್ರೋಲೂ ಒಟ್ಟು ವೆಚ್ಚದೊಳಗೆ ಸೇರಿತ್ತು. ಈ ಲೆಕ್ಕವನ್ನು ದುಂದಿನ ಪುರಾವೆ ಎಂದು ಉಲ್ಲೇಖಿಸುವವರು ಒಂದು ಅಂಶವನ್ನು ಮರೆಯುತ್ತಾರೆ. ಕಾರು ಕೊಂಡವರು ಹೆಚ್ಚು ಶಕ್ತಿ, ಹೆಚ್ಚು ಜಾಗ, ಆಟೊಮ್ಯಾಟಿಕ್ ಗೇರ್ ಬೇಕೆಂದೇ ಕೊಂಡರು ಎನ್ನುವುದನ್ನು ಆ ಲೇಖಕರು ಅಲ್ಲಗಳೆದಿರಲಿಲ್ಲ. ಆ ಆಯ್ಕೆಯ ಬೆಲೆ ಎಷ್ಟು ಎಂದಷ್ಟೇ ಅವರು ತೋರಿಸಿದ್ದರು. ದುಂದು ಹೌದೋ ಅಲ್ಲವೋ ಎನ್ನುವ ತೀರ್ಪನ್ನು ಆ ಅಂಕಿಅಂಶ ತಾನಾಗಿ ಕೊಡಲಾರದು.

ಮೂರನೆಯವರು ಸ್ಪರ್ಧೆಯ ಅರ್ಥಶಾಸ್ತ್ರಜ್ಞರು. ಬೆಲೆಯ ಏಣಿಯ ಎಲ್ಲ ಮೆಟ್ಟಿಲುಗಳಲ್ಲೂ ಒಂದೊಂದು ಹೆಸರಿಟ್ಟರೆ ಹೊಸಬರಿಗೆ ಕಾಲೂರಲು ಜಾಗವೇ ಇರುವುದಿಲ್ಲ. ಹಾಗಾಗಿ ಅಗಲವಾದ ಶ್ರೇಣಿ ಎಂದರೆ ಬೇಲಿ ಎಂಬುದು ಇವರ ಮೂಲ ತರ್ಕ. ಕ್ರೈಸ್ಲರ್ 1928ರಲ್ಲಿ ಪ್ಲಿಮತ್ ಮತ್ತು ಡಿಸೋಟೊ ಹುಟ್ಟುಹಾಕಿ, ಡಾಜ್ ಕಂಪನಿಯನ್ನು ಕೊಂಡು ತಾನೂ ಏಣಿ ಕಟ್ಟಿತು. ಫೋರ್ಡ್ 1930ರ ದಶಕದ ಕೊನೆಯಲ್ಲಿ ಮರ್ಕ್ಯುರಿಯನ್ನು, 1957ರಲ್ಲಿ ಎಡ್ಸೆಲ್ಲನ್ನು ಇದೇ ಉದ್ದೇಶದಿಂದ ತಂದಿತು. ಎಡ್ಸೆಲ್ 1 ಲಕ್ಷಕ್ಕೂ ಸ್ವಲ್ಪ ಹೆಚ್ಚು ಕಾರುಗಳಷ್ಟೇ ತಯಾರಾಗಿ, 1959ರ ನವೆಂಬರ್‌ನಲ್ಲಿ ನಿಂತುಹೋಯಿತು. ಮಧ್ಯದ ಮೆಟ್ಟಿಲುಗಳು ಆಗಲೇ ತುಂಬಿದ್ದವು. ಬೇಲಿಯ ವಾದಕ್ಕೆ ಇದು ಒಳ್ಳೆಯ ಉದಾಹರಣೆ. ಆದರೆ ಅದೇ 1959ರಲ್ಲಿ ಅಮೆರಿಕದ ಮಾರುಕಟ್ಟೆಯ ಸುಮಾರು ಶೇಕಡ 10ರಷ್ಟು ಆಮದು ಕಾರುಗಳ ಪಾಲಾಗಿತ್ತು. ಅವುಗಳಲ್ಲಿ ಮುಂದಿದ್ದದ್ದು ಫೋಕ್ಸ್‌ವ್ಯಾಗನ್ ಬೀಟಲ್. ಸ್ಲೋನ್ ಅವರ ಏಣಿ ಕೆಳಗೆ ಷೆವರ್ಲೆಗೆ ಬಂದು ನಿಲ್ಲುತ್ತಿತ್ತು. ಅದಕ್ಕಿಂತ ಕಡಿಮೆ ದುಡ್ಡಿರುವವನು ಹಳೇ ಷೆವರ್ಲೆ ಕೊಳ್ಳಲಿ ಎನ್ನುವುದು ಲೆಕ್ಕ. ಹೊಸದಾದ, ಸಣ್ಣ, ಕಡಿಮೆ ಪೆಟ್ರೋಲ್ ಕುಡಿಯುವ ಕಾರೇ ಬೇಕೆನ್ನುವ ಗಿರಾಕಿ ಇದ್ದಾನೆಂದು ಆ ಲೆಕ್ಕಕ್ಕೆ ಹೊಳೆಯಲಿಲ್ಲ. ಬೇಲಿ ಎಷ್ಟೇ ಅಗಲವಿರಲಿ, ಅದರ ಕೆಳಗಿನ ಜಾಗ ತೆರೆದೇ ಇತ್ತು. ಜಪಾನಿನವರು ಬಂದದ್ದೂ ಅಲ್ಲಿಂದಲೇ.

ಅಂತರ ಕರಗಿದ ಮೂವತ್ತು ವರ್ಷ

ಮೂರೂ ಪಂಥಗಳು ಒಂದು ಸಂಗತಿಯನ್ನು ಗಮನಕ್ಕೆ ತೆಗೆದುಕೊಂಡದ್ದು ಕಡಿಮೆ: ಏಣಿ ತಾನಾಗಿ ನಿಲ್ಲುವುದಿಲ್ಲ. ಪ್ರತಿಯೊಂದು ವಿಭಾಗದ ಮುಖ್ಯಸ್ಥನೂ ತನ್ನ ಮಾರಾಟಕ್ಕೆ ಮಾತ್ರ ಹೊಣೆಯಾದರೆ, ಕೆಳಗಿನವನು ಮೇಲಕ್ಕೆ, ಮೇಲಿನವನು ಕೆಳಕ್ಕೆ ಕೈಚಾಚುವುದು ಸಹಜ. ಆಲ್‌ಫ್ರೆಡ್ ಚಾಂಡ್ಲರ್ 1962ರಲ್ಲಿ ಜನರಲ್ ಮೋಟಾರ್ಸ್‌ನ ವಿಭಾಗ ವ್ಯವಸ್ಥೆಯನ್ನು ಆಧುನಿಕ ಆಡಳಿತದ ಮಾದರಿಯೆಂದು ವಿವರಿಸಿದ್ದು ಪ್ರಸಿದ್ಧ. ಆ ವ್ಯವಸ್ಥೆಯ ಪ್ರಾಣ ಇದ್ದದ್ದು ವಿಭಾಗಗಳ ಸ್ವಾತಂತ್ರ್ಯದಲ್ಲಿ ಎಷ್ಟೋ, ಅವುಗಳ ಎಲ್ಲೆಯನ್ನು ಕಾಯುತ್ತಿದ್ದ ಕೇಂದ್ರ ಸಮಿತಿಗಳಲ್ಲೂ ಅಷ್ಟೇ. ಚಾಂಡ್ಲರ್ ಬರೆಯುತ್ತಿದ್ದ ಹೊತ್ತಿಗೇ ಆ ಕಾವಲು ಸಡಿಲವಾಗಿತ್ತು. ಸ್ಲೋನ್ 1956ರಲ್ಲಿ ನಿವೃತ್ತರಾಗಿದ್ದರು.

ಮೊದಲು ಕರಗಿದ್ದು ಬೆಲೆಯ ಅಂತರ. 1961ರ ಮಾದರಿಗಳಲ್ಲಿ ಪಾಂಟಿಯಾಕ್ ಟೆಂಪೆಸ್ಟ್, ಓಲ್ಡ್ಸ್‌ಮೊಬೈಲ್ ಎಫ್-85, ಬ್ಯೂಯಿಕ್ ಸ್ಪೆಷಲ್ ಎಂಬ ಸಣ್ಣ ಕಾರುಗಳು ಬಂದು ಮೂರು ಮೇಲಿನ ಹೆಸರುಗಳು ಒಟ್ಟಿಗೇ ಕೆಳಗಿಳಿದವು. ಇತ್ತ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಒಂದೇ ಗಾತ್ರದ ಕಾರು ಮಾರುತ್ತಿದ್ದ ಷೆವರ್ಲೆ, ಕಾರ್ವೆಟ್, ಕಾರ್ವೇರ್, ಷೆವಿ ಟು, ಷೆವೆಲ್, ಕಮಾರೊ ಎಂದು ಕವಲೊಡೆಯಿತು. 1965ರಲ್ಲಿ ಬಂದ ಕ್ಯಾಪ್ರೀಸ್‌ನಲ್ಲಿ ಮೇಲಿನ ವಿಭಾಗಗಳ ಐಷಾರಾಮ ಕೆಳಮೆಟ್ಟಿಲಿಗೇ ಬಂದಿಳಿಯಿತು. ಚೆನ್ನಾಗಿ ಸಜ್ಜಾದ ಷೆವರ್ಲೆ ಈಗ ಬರಿಯ ಬ್ಯೂಯಿಕ್‌ಗಿಂತ ದುಬಾರಿ. ಆದರೂ ವ್ಯಾಪಾರ ಕುಸಿಯಲಿಲ್ಲ. 1965ರಲ್ಲಿ ಷೆವರ್ಲೆ ಇಂಪಾಲ ಒಂದೇ 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಇದನ್ನು ಮುಂದಿಟ್ಟುಕೊಂಡು ಬೆಲೆಯ ಅಂತರ ಮುಖ್ಯವೇ ಅಲ್ಲ ಎನ್ನುವವರಿದ್ದಾರೆ. ಅಂದಿನ ಮಟ್ಟಿಗೆ ಅವರ ಮಾತು ನಿಜ, ಏಕೆಂದರೆ ಎರಡನೇ ಅಂತರವೊಂದು ಇನ್ನೂ ಗಟ್ಟಿಯಾಗಿತ್ತು. ಅದು ಯಂತ್ರದ ಅಂತರ. ಓಲ್ಡ್ಸ್‌ಮೊಬೈಲ್ 1940ರ ಮಾದರಿಗೆ ಹೈಡ್ರಾಮ್ಯಾಟಿಕ್ ಎಂಬ ಕ್ಲಚ್ಚಿಲ್ಲದ ಗೇರ್‌ಬಾಕ್ಸ್ ತಂದಿತ್ತು, 1949ರಲ್ಲಿ ರಾಕೆಟ್ ಎಂಬ ವಿ-8 ಎಂಜಿನ್. ಬ್ಯೂಯಿಕ್‌ಗೆ ತನ್ನದೇ ಡೈನಾಫ್ಲೋ. ಎಂಜಿನಿಯರುಗಳು ಬೇರೆ, ಕಾರ್ಖಾನೆ ಬೇರೆ, ಹೆಮ್ಮೆ ಬೇರೆ.

ಆ ಅಂತರ ಕರಗಿದ್ದು ಸಾರ್ವಜನಿಕರಿಗೆ ಗೊತ್ತಾದದ್ದು 1977ರಲ್ಲಿ. ಓಲ್ಡ್ಸ್‌ಮೊಬೈಲ್ ಡೆಲ್ಟಾ 88 ಕೊಂಡವರು ಕೆಲವರು ಬಿಡಿಭಾಗ ಹಾಕಿಸಲು ಹೋದಾಗ ಅದು ಹೊಂದಲಿಲ್ಲ. ಬಾನೆಟ್ ಎತ್ತಿ ನೋಡಿದರೆ ಒಳಗಿದ್ದದ್ದು ಷೆವರ್ಲೆಯ ಎಂಜಿನ್. ಎರಡೂ 350 ಘನ ಅಂಗುಲದವೇ, ಎರಡೂ ವಿ-8; ಓಡಿಸಿದವರಿಗೆ ವ್ಯತ್ಯಾಸ ತಿಳಿಯುವುದು ಕಷ್ಟ. ಆದರೂ ಗಿರಾಕಿಗಳು ನ್ಯಾಯಾಲಯಕ್ಕೆ ಹೋದರು, ರಾಜ್ಯಗಳ ಅಟಾರ್ನಿ ಜನರಲ್‌ಗಳು ಮೊಕದ್ದಮೆ ಹೂಡಿದರು, ಕಂಪನಿ ಪರಿಹಾರ ಕೊಟ್ಟು ರಾಜಿಯಾಯಿತು. ನಮ್ಮ ಕಾರುಗಳಲ್ಲಿ ಕಂಪನಿಯ ಬೇರೆ ಬೇರೆ ವಿಭಾಗಗಳ ಎಂಜಿನ್ ಇರಬಹುದು ಎಂಬ ಸಣ್ಣ ಅಕ್ಷರದ ಸಾಲು ಆಮೇಲೆ ಜಾಹೀರಾತುಗಳಲ್ಲಿ ಕಾಣಿಸಿಕೊಂಡಿತು. ಆ ಗಿರಾಕಿಗಳ ಸಿಟ್ಟನ್ನು ಬರಿಯ ಭ್ರಮೆ ಎಂದು ತಳ್ಳಿಹಾಕುವುದು ಅನ್ಯಾಯ. ರಾಕೆಟ್ ಎಂದು ಮೂವತ್ತು ವರ್ಷ ಹೊಗಳಿ ಮಾರಿದ್ದು ಕಂಪನಿಯೇ. ಆ ಹೆಸರಿಗಾಗಿ ಅವರು ಹೆಚ್ಚು ದುಡ್ಡು ಕೊಟ್ಟಿದ್ದರು.

ಮೂರನೆಯದು, ಕಣ್ಣಿಗೆ ಕಾಣುವ ರೂಪದ ಅಂತರ. 1980ರ ದಶಕದ ಆರಂಭದಲ್ಲಿ ಮುಂಚಕ್ರ ಚಾಲನೆಯ ಹೊಸ ಕಾರುಗಳನ್ನು ಅವಸರದಿಂದ ತರುವಾಗ ಬಾಡಿಗಳೂ ಒಂದಾದವು. 1983ರ ಆಗಸ್ಟ್‌ನಲ್ಲಿ ಫಾರ್ಚ್ಯೂನ್ ಪತ್ರಿಕೆ ನಾಲ್ಕು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಮುಖಪುಟದಲ್ಲಿ ಛಾಪಿಸಿತು: ಷೆವರ್ಲೆ ಸೆಲೆಬ್ರಿಟಿ, ಪಾಂಟಿಯಾಕ್ 6000, ಓಲ್ಡ್ಸ್‌ಮೊಬೈಲ್ ಕಟ್ಲಸ್ ಸಿಯೆರಾ, ಬ್ಯೂಯಿಕ್ ಸೆಂಚುರಿ. ನಾಲ್ಕಕ್ಕೂ ಬಣ್ಣ ಒಂದೇ, ಆಕಾರವೂ ಹೆಚ್ಚುಕಡಿಮೆ ಒಂದೇ. ಕಾರುಗಳೇನೂ ಕೆಟ್ಟವಲ್ಲ, ಚೆನ್ನಾಗಿಯೇ ಮಾರಾಟವಾಗುತ್ತಿದ್ದವು. ಆದರೆ ಆ ಚಿತ್ರ ಕಂಪನಿಯ ಒಳಗಿನ ಸ್ಥಿತಿಯನ್ನು ಹೊರಗೆ ಹಾಕಿತು. ಇನ್ನೂ ಕಟುವಾದ ಉದಾಹರಣೆ ಕ್ಯಾಡಿಲಾಕ್ ಸಿಮರಾನ್. 1981ರಲ್ಲಿ ಬಂದ ಈ ಕಾರು ಮೂಲತಃ ಷೆವರ್ಲೆ ಕ್ಯಾವಲಿಯರ್: ಅದೇ ಬಾಗಿಲು, ಅದೇ ಛಾವಣಿಯ ಗೆರೆ, ಅದೇ ನಾಲ್ಕು ಸಿಲಿಂಡರಿನ ಎಂಜಿನ್. ಚರ್ಮದ ಸೀಟು, ಬೇರೆ ಗ್ರಿಲ್, ಕ್ಯಾಡಿಲಾಕ್ ಲಾಂಛನ ಹಾಕಿ ಸುಮಾರು 12,000 ಡಾಲರ್ ಕೇಳಿದರು. ಅದೇ ಪಟ್ಟಣದ ಷೆವರ್ಲೆ ಷೋರೂಮಿನಲ್ಲಿ ಅದರ ಜೊತೆಹುಟ್ಟು ಹಲವು ಸಾವಿರ ಡಾಲರ್ ಕಡಿಮೆಗೆ ನಿಂತಿತ್ತು. 1988ಕ್ಕೆ ಸಿಮರಾನ್ ಮುಗಿಯಿತು. ಬೆಲೆ, ಯಂತ್ರ, ರೂಪ ಎನ್ನುವ ಈ ಕ್ರಮವೇ ನನ್ನ ವಾದದ ತಿರುಳು. ಒಂದು ಅಂತರ ಹೋದಾಗ ಇನ್ನೊಂದು ಶ್ರೇಣಿಯನ್ನು ಹೊತ್ತು ನಿಂತಿತು. ಮೂರನೆಯದೂ ಹೋದಾಗ ಹೊರಲು ಏನೂ ಉಳಿಯಲಿಲ್ಲ. 1970ರ ದಶಕದ ಕೊನೆಯಲ್ಲಿ ಶೇಕಡ 45 ಮೀರಿದ್ದ ಪಾಲು 1990ರ ಹೊತ್ತಿಗೆ ಮೂರನೇ ಒಂದಕ್ಕಿಂತ ಸ್ವಲ್ಪ ಹೆಚ್ಚು ಎನ್ನುವಷ್ಟಕ್ಕೆ ಇಳಿದಿತ್ತು.

ಕಾರಣ ಬೇರೆಯೇ ಇದೆ ಎಂಬ ಆಕ್ಷೇಪ

ಇದಕ್ಕೆ ಬಲವಾದ ಆಕ್ಷೇಪವಿದೆ. ಜನರಲ್ ಮೋಟಾರ್ಸ್ ಕುಸಿದದ್ದು ಜಪಾನಿ ಕಾರುಗಳು ಕೆಡುತ್ತಿರಲಿಲ್ಲವೆಂದು, ನಿವೃತ್ತ ಕಾರ್ಮಿಕರ ಪಿಂಚಣಿ ಮತ್ತು ಚಿಕಿತ್ಸೆಯ ಹೊರೆ ತಡೆಯಲಾರದೆ, ಎರಡು ತೈಲ ಬಿಕ್ಕಟ್ಟುಗಳಿಗೆ ಸಿದ್ಧವಿಲ್ಲದೆ; ಮಾದರಿಗಳ ಪಟ್ಟಿಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. 1990ರಲ್ಲಿ ವೋಮ್ಯಾಕ್, ಜೋನ್ಸ್ ಮತ್ತು ರೂಸ್ ಬರೆದ ಹೆಸರಾಂತ ಅಧ್ಯಯನ ಟೊಯೋಟಾದ ಉತ್ಪಾದನಾ ಪದ್ಧತಿಯ ಶ್ರೇಷ್ಠತೆಯನ್ನು ಜಗತ್ತಿಗೆ ಸಾರಿತು. ಇದರಲ್ಲಿ ಸತ್ಯಾಂಶ ದೊಡ್ಡದಿದೆ, ನಿರಾಕರಿಸಲಾಗದು. ಆದರೂ ಒಂದು ಪ್ರಯೋಗ ಗಮನಾರ್ಹ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ 1984ರಿಂದ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಜಂಟಿಯಾಗಿ ನಡೆಸಿದ ಕಾರ್ಖಾನೆಯಿಂದ ಟೊಯೋಟಾ ಕೊರೊಲಾ ಮತ್ತು ಜಿಯೋ ಪ್ರಿಜ್ಮ್ ಎಂಬ ಅವಳಿ ಕಾರುಗಳು ಹೊರಬಂದವು. ಒಂದೇ ಕೆಲಸಗಾರರು, ಒಂದೇ ಗುಣಮಟ್ಟ. ಆದರೂ ಕೊರೊಲಾ ಹೆಚ್ಚು ಬೆಲೆಗೆ ಹೋಗುತ್ತಿತ್ತು, ಮರುಮಾರಾಟದಲ್ಲೂ ಬೆಲೆ ಉಳಿಸಿಕೊಳ್ಳುತ್ತಿತ್ತು. ಗುಣಮಟ್ಟ ಸಮವಾಗಿದ್ದಾಗಲೂ ಹೆಸರು ಸೋಲಬಹುದು ಎಂದಾಯಿತು. ಟೊಯೋಟಾ ಎಂಬ ಹೆಸರು ಗಿರಾಕಿಗೆ ಒಂದು ನಿರ್ದಿಷ್ಟ ಮಾತು ಹೇಳುತ್ತಿತ್ತು, ಜಿಯೋ ಎಂಬ ಹೆಸರು ಏನನ್ನೂ ಹೇಳುತ್ತಿರಲಿಲ್ಲ. ಆ ಬ್ರ್ಯಾಂಡನ್ನು ಜನರಲ್ ಮೋಟಾರ್ಸ್ ಸಣ್ಣ ಕಾರುಗಳಿಗಾಗಿ ಷೆವರ್ಲೆ ಡೀಲರುಗಳ ಬಳಿಯೇ ಹೊಸದಾಗಿ ತೆರೆದಿತ್ತು. ಅದಾಗಲೇ ಇಕ್ಕಟ್ಟಾಗಿದ್ದ ಏಣಿಗೆ ಇನ್ನೊಂದು ಮೆಟ್ಟಿಲು.

ಹಾಗೆಂದು ಬಹಳ ಮಾದರಿಗಳೇ ವೆಚ್ಚ ಹೆಚ್ಚಿಸಿದವು ಎನ್ನುವ ಸರಳ ವಾದವೂ ನಿಲ್ಲುವುದಿಲ್ಲ. ಜಾನ್ ಪಾಲ್ ಮ್ಯಾಕ್‌ಡಫಿ ಮತ್ತು ಸಂಗಡಿಗರು ಲೋಕದ ಹಲವು ಜೋಡಣೆ ಕಾರ್ಖಾನೆಗಳನ್ನು ಹೋಲಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವೈವಿಧ್ಯವನ್ನು ಒಳ್ಳೆಯ ಆಡಳಿತ ಸಾಕಷ್ಟು ಜೀರ್ಣಿಸಿಕೊಳ್ಳಬಲ್ಲದು, ಕಾರ್ಯಕ್ಷಮತೆಗೆ ನಿರಂತರವಾಗಿ ಪೆಟ್ಟು ಕೊಡುವುದು ಬಿಡಿಭಾಗಗಳ ಜಟಿಲತೆ ಎಂದು ಕಂಡುಬಂತು. ಟೊಯೋಟಾ ಕೂಡ ಜಪಾನಿನಲ್ಲಿ ಬೇರೆ ಬೇರೆ ಡೀಲರ್ ಸರಣಿಗಳ ಮೂಲಕ ಹೆಚ್ಚುಕಡಿಮೆ ಒಂದೇ ಕಾರನ್ನು ಹಲವು ಹೆಸರಿನಲ್ಲಿ ದಶಕಗಟ್ಟಲೆ ಮಾರಿತ್ತು. 2020ರಲ್ಲಷ್ಟೇ ಎಲ್ಲ ಸರಣಿಗಳಲ್ಲೂ ಎಲ್ಲ ಮಾದರಿ ಎಂದು ಬದಲಿಸಿತು. ಅವಳಿ ಕಾರುಗಳು ನಮಗೂ ಹೊಸವಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಹೈರೈಡರ್ ಎಂದೂ ಮಾರುತಿಯ ಗ್ರ್ಯಾಂಡ್ ವಿಟಾರ ಎಂದೂ ಎರಡು ಹೆಸರಿನಲ್ಲಿ ಒಂದೇ ವಾಹನ ತಯಾರಾಗುತ್ತಿದೆ. ಅಲ್ಲಿ ಎರಡು ಪ್ರತ್ಯೇಕ ಕಂಪನಿಗಳು, ಎರಡು ಪ್ರತ್ಯೇಕ ಡೀಲರ್ ಜಾಲಗಳು. ತನ್ನ ಮನೆಯೊಳಗೇ ಐದು ಜನ ಒಂದೇ ಗಿರಾಕಿಯನ್ನು ಎಳೆದಾಡುವುದಕ್ಕೂ ಇದಕ್ಕೂ ವ್ಯತ್ಯಾಸವಿದೆ.

ಎಂಟರಿಂದ ನಾಲ್ಕಕ್ಕೆ

ಹಾಗಾದರೆ ಹೆಸರುಗಳನ್ನು ಕಡಿಮೆ ಮಾಡಿದರೆ ಸರಿಹೋಗುತ್ತದೆಯೇ? ಇದಕ್ಕೆ ಎರಡು ಪರೀಕ್ಷೆಗಳು ನಡೆದಿವೆ. ಮೊದಲನೆಯದು ಓಲ್ಡ್ಸ್‌ಮೊಬೈಲ್. 1897ರಲ್ಲಿ ಹುಟ್ಟಿ, 1980ರ ದಶಕದ ನಡುವಿನಲ್ಲಿ ವರ್ಷಕ್ಕೆ 10 ಲಕ್ಷ ಕಾರು ಮಾರುತ್ತಿದ್ದ ಈ ಹೆಸರನ್ನು ಮುಚ್ಚುವುದಾಗಿ 2000ದ ಡಿಸೆಂಬರ್‌ನಲ್ಲಿ ಘೋಷಿಸಿದರು. ಕೊನೆಯ ಕಾರು ಲ್ಯಾನ್ಸಿಂಗ್‌ನಲ್ಲಿ ತಯಾರಾದದ್ದು 2004ರ ಏಪ್ರಿಲ್ 29ರಂದು. ಅಮೆರಿಕದ ರಾಜ್ಯಗಳ ಕಾನೂನು ಡೀಲರುಗಳನ್ನು ಬಿಗಿಯಾಗಿ ಕಾಪಾಡುವುದರಿಂದ ಅವರಿಗೆ ಪರಿಹಾರ ಕೊಡಲೇಬೇಕಾಯಿತು. ಒಂದು ಹೆಸರನ್ನು ಸಾಯಿಸಲೂ ಎಷ್ಟು ಖರ್ಚಾಗುತ್ತದೆ ಎಂದು ತಿಳಿದ ಮೇಲೆ ಉಳಿದವನ್ನು ಮುಟ್ಟುವ ಧೈರ್ಯ ಆಡಳಿತಕ್ಕೆ ಬರಲಿಲ್ಲ. ಇಷ್ಟೆಲ್ಲ ಬ್ರ್ಯಾಂಡ್‌ಗಳು ಏಕೆ ಉಳಿದವು ಎಂಬುದಕ್ಕೆ ಆಡಳಿತದ ಮೂರ್ಖತನಕ್ಕಿಂತ ಡೀಲರ್ ಒಪ್ಪಂದಗಳೇ ಹೆಚ್ಚಿನ ವಿವರಣೆ ಕೊಡುತ್ತವೆ. ಎರಡನೇ ಪರೀಕ್ಷೆ 2009ರದು. ದಿವಾಳಿ ನ್ಯಾಯಾಲಯದ ರಕ್ಷಣೆಯಲ್ಲಿ ಆ ಒಪ್ಪಂದಗಳನ್ನು ಕಡಿದುಹಾಕಲು ಸಾಧ್ಯವಾಯಿತು. ಪಾಂಟಿಯಾಕ್, ಸ್ಯಾಟರ್ನ್, ಹಮ್ಮರ್ ಹೋದವು, ಸಾಬ್ ಮಾರಾಟವಾಯಿತು. ಷೆವರ್ಲೆ, ಬ್ಯೂಯಿಕ್, ಜಿಎಂಸಿ, ಕ್ಯಾಡಿಲಾಕ್ ಉಳಿದವು. ಅಮೆರಿಕದಲ್ಲಿ ಪಾಂಟಿಯಾಕ್ ಬ್ಯೂಯಿಕ್‌ಗಿಂತ ಹೆಚ್ಚು ಮಾರಾಟವಾಗುತ್ತಿದ್ದರೂ ಬ್ಯೂಯಿಕ್ ಬದುಕಿದ್ದು ಚೀನಾದ ಗಿರಾಕಿಗಳಿಂದ.

ಭಾರತದಲ್ಲಿ ಇದೇ ಕಂಪನಿಯ ಕಥೆ ಇನ್ನೊಂದು ಪಾಠ ಹೇಳುತ್ತದೆ. 1928ರಲ್ಲೇ ಮುಂಬಯಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್, 1990ರ ದಶಕದಲ್ಲಿ ಗುಜರಾತಿನ ಹಾಲೋಲ್‌ಗೆ ಓಪೆಲ್ ಹೆಸರಿನಲ್ಲಿ ಮರಳಿ, 2003ರಿಂದ ಷೆವರ್ಲೆಯಾಯಿತು. ಇಲ್ಲಿ ಮಾರಿದ ಸ್ಪಾರ್ಕ್ ಕೊರಿಯಾದ ಡೇವೂ ಮೂಲದ್ದು, ನಮ್ಮ ಟ್ಯಾಕ್ಸಿ ಸ್ಟ್ಯಾಂಡ್‌ಗಳಲ್ಲಿ ವರ್ಷಗಟ್ಟಲೆ ಓಡಿದ ಟವೇರಾ ಇಸುಜು ಮೂಲದ್ದು, ಸೇಲ್ ಚೀನಾದ ಪಾಲುದಾರಿಕೆಯದ್ದು. ಒಂದೊಂದೂ ತನ್ನಷ್ಟಕ್ಕೆ ಉಪಯುಕ್ತ. ಸ್ಪಾರ್ಕ್ ಕೊಂಡವನು ಮುಂದೆ ಯಾವುದಕ್ಕೆ ಏರಬೇಕು ಎನ್ನುವುದಕ್ಕೆ ಮಾತ್ರ ಆ ಪಟ್ಟಿಯಲ್ಲಿ ಉತ್ತರವಿರಲಿಲ್ಲ, ಮಾರುತಿಯಲ್ಲಿ ಇತ್ತು. 2017ರ ಕೊನೆಗೆ ಕಂಪನಿ ಇಲ್ಲಿನ ಮಾರಾಟವನ್ನು ನಿಲ್ಲಿಸಿತು. ಏಣಿಯನ್ನು ಕಂಡುಹಿಡಿದ ಕಂಪನಿ ಇಲ್ಲಿ ಏಣಿಯಿಲ್ಲದೆ ವ್ಯಾಪಾರ ಮಾಡಲು ಹೊರಟಿತ್ತು.

ತೀರ್ಮಾನವಾಗದೆ ಉಳಿದಿರುವುದು

ನಾನು ಮುಂದಿಟ್ಟ ವಿವರಣೆಗೆ ಎದುರಾಗಿ ನಿಲ್ಲುವ ಒಂದು ದೊಡ್ಡ ಸಂಗತಿ ಇದೆ: ಕ್ಯಾಡಿಲಾಕ್ ಎಸ್ಕಲೇಡ್. 1998ರಲ್ಲಿ ಲಿಂಕನ್ ನ್ಯಾವಿಗೇಟರ್‌ಗೆ ಅವಸರದ ಉತ್ತರವಾಗಿ ಬಂದ ಎಸ್ಕಲೇಡ್, ಜಿಎಂಸಿ ಯೂಕಾನ್ ಡೆನಾಲಿಗೆ ಕ್ಯಾಡಿಲಾಕ್ ಲಾಂಛನ ಹಚ್ಚಿದ ವಾಹನ. ಸಿಮರಾನ್‌ಗೆ ಮಾಡಿದ್ದನ್ನೇ ಇದಕ್ಕೂ ಮಾಡಿದರು. ಸಿಮರಾನ್ ಬ್ರ್ಯಾಂಡಿನ ಮಾನ ಕಳೆಯಿತು, ಎಸ್ಕಲೇಡ್ ಅದನ್ನು ಮೇಲೆತ್ತಿತು. ಇಂದಿಗೂ ಷೆವರ್ಲೆ ಸಿಲ್ವರಾಡೊ ಮತ್ತು ಜಿಎಂಸಿ ಸಿಯೆರಾ ಎಂಬ ಅವಳಿ ಪಿಕಪ್‌ಗಳು ಒಟ್ಟಿಗೇ ಲಾಭ ತರುತ್ತಿವೆ. ಮೂಲ ವಾಹನವೇ ದೊಡ್ಡದು, ದುಬಾರಿಯದು ಆಗಿದ್ದಾಗ ಮೇಲಿನ ಹೆಸರಿಗೆ ಅದು ಒಪ್ಪುತ್ತದೆ, ಅಗ್ಗದ ಕಾರಿನಿಂದ ಶುರುಮಾಡಿದರೆ ಒಪ್ಪುವುದಿಲ್ಲ ಎಂದು ಉತ್ತರಿಸಬಹುದು. ಆದರೆ ಆಮದು ಪಿಕಪ್‌ಗಳ ಮೇಲೆ 1960ರ ದಶಕದಿಂದ ಇರುವ ಶೇಕಡ 25ರ ಸುಂಕ ಸ್ಪರ್ಧೆಯನ್ನು ದೂರವಿಟ್ಟಿರುವಾಗ, ಆ ಲಾಭದಲ್ಲಿ ಶ್ರೇಣಿಯ ಜಾಣ್ಮೆ ಎಷ್ಟು, ಸುಂಕದ ಪಾಲು ಎಷ್ಟು ಎಂದು ಬೇರ್ಪಡಿಸಿ ತೋರಿಸುವ ಲೆಕ್ಕ ಇನ್ನೂ ಆಗಬೇಕಿದೆ.

ಇನ್ನೊಂದು, ಕೈಬಿಟ್ಟ ಹೆಸರಿನ ಗಿರಾಕಿ ಎಲ್ಲಿಗೆ ಹೋಗುತ್ತಾನೆ ಎನ್ನುವುದು. ಬ್ರ್ಯಾಂಡ್ ಮುಚ್ಚಿದರೆ ಅದರ ಗಿರಾಕಿಗಳು ಪಕ್ಕದ ಮೆಟ್ಟಿಲಿಗೆ ಸರಿಯುತ್ತಾರೆ ಎಂದು ಆಡಳಿತಗಳು ನಂಬುತ್ತವೆ. 2009ರ ಮೊದಲೇ ಶೇಕಡ 22ರ ಆಸುಪಾಸಿಗೆ ಇಳಿದಿದ್ದ ಪಾಲು ಇತ್ತೀಚೆಗೆ ಶೇಕಡ 17ರ ಸುತ್ತ ಇದೆ, ಲಾಭ ಮಾತ್ರ ಹೆಚ್ಚಿದೆ. ಇದನ್ನು ಗೆಲುವು ಎನ್ನಬೇಕೇ, ಸೋಲು ಎನ್ನಬೇಕೇ ಎಂಬುದು ಶ್ರೇಣಿಯ ಉದ್ದೇಶವೇನೆಂದು ಮೊದಲು ಒಪ್ಪಿಕೊಂಡರಷ್ಟೇ ಹೇಳಬಹುದು. ಮಾಲಿಬು ನಿಂತದ್ದು 2024ರ ನವೆಂಬರ್‌ನಲ್ಲಿ. ಅದರೊಂದಿಗೆ ಅಮೆರಿಕದ ಷೆವರ್ಲೆ ಪಟ್ಟಿಯಲ್ಲಿ ಸೆಡಾನ್ ಎಂಬುದೇ ಇಲ್ಲವಾಯಿತು. ಬ್ಯೂಯಿಕ್ ಅಲ್ಲಿ ಮಾರುವುದೆಲ್ಲ ಎಸ್‌ಯುವಿ. ಮೊದಲ ಕಾರು ಕೊಳ್ಳಲು ಬರುವ ಯುವಕನಿಗೆ ಏಣಿಯ ಕೆಳಮೆಟ್ಟಿಲು ಮತ್ತೆ ತೆಳುವಾಗಿದೆ, ಬೀಟಲ್ ಬಂದಾಗ ಇದ್ದಂತೆಯೇ.

ಎಲ್ಲಕ್ಕಿಂತ ಕಠಿಣವಾದದ್ದು ವಿದ್ಯುತ್ ಕಾರಿನ ಪ್ರಶ್ನೆ. 2020ರಲ್ಲಿ ಕಂಪನಿ ಅಲ್ಟಿಯಂ ಎಂಬ ಒಂದೇ ಬ್ಯಾಟರಿ ವ್ಯವಸ್ಥೆಯನ್ನು ಪ್ರಕಟಿಸಿತು. ಷೆವರ್ಲೆ ಈಕ್ವಿನಾಕ್ಸ್‌ನಿಂದ ಕ್ಯಾಡಿಲಾಕ್ ಲಿರಿಕ್‌ವರೆಗೆ, ಹೋಂಡಾ ಹೆಸರಿನ ಪ್ರೊಲಾಗ್ ಕೂಡ, ಅದರ ಮೇಲೇ ನಿಂತವು. ಎಂಜಿನ್ನಿನ ಸದ್ದು, ಗೇರಿನ ನಡೆ ಎಂಬ ವ್ಯತ್ಯಾಸಗಳು ಇಲ್ಲಿ ಇಲ್ಲವೇ ಇಲ್ಲ. ಬಾನೆಟ್ ಎತ್ತಿ ನೋಡಿ ಸಿಟ್ಟಾಗಲು ಗಿರಾಕಿಗೆ ಅಲ್ಲಿ ಏನೂ ಸಿಗುವುದಿಲ್ಲ. ಎದುರಿಗೆ ಟೆಸ್ಲಾ ಬೆರಳೆಣಿಕೆಯ ಮಾದರಿಗಳನ್ನಿಟ್ಟುಕೊಂಡು, 2023ರಲ್ಲಿ ಮಾಡೆಲ್ ವೈಯನ್ನು ಲೋಕದ ಅತಿ ಹೆಚ್ಚು ಮಾರಾಟದ ಕಾರಾಗಿಸಿತು. ಅದರ ನಂತರದ ವರ್ಷಗಳಲ್ಲಿ ಟೆಸ್ಲಾದ ಮಾರಾಟ ತಗ್ಗಿದಾಗ ಮಾದರಿಗಳು ಹಳತಾದವು, ಆಯ್ಕೆ ಕಡಿಮೆ ಎಂಬ ದೂರು ಕೇಳಿಬಂತು. 1926ರಲ್ಲಿ ಮಾಡೆಲ್ ಟಿ ಬಗ್ಗೆ ಡೀಲರುಗಳು ಹೇಳುತ್ತಿದ್ದದ್ದೂ ಹೆಚ್ಚುಕಡಿಮೆ ಇದನ್ನೇ. ಯಂತ್ರದ ವ್ಯತ್ಯಾಸ ಇನ್ನಿಲ್ಲವಾದರೆ ಷೆವರ್ಲೆಯನ್ನು ಷೆವರ್ಲೆಯಾಗಿ, ಕ್ಯಾಡಿಲಾಕನ್ನು ಕ್ಯಾಡಿಲಾಕಾಗಿ ಇಡುವುದು ಪರದೆಯ ಮೇಲಿನ ಸಾಫ್ಟ್‌ವೇರೇ, ಒಳಗಿನ ಬಟ್ಟೆ ಮತ್ತು ಚರ್ಮವೇ, ಬರಿಯ ಬೆಲೆಯೇ? ಅದನ್ನು ನಿರ್ಧರಿಸುವ ಅಧಿಕಾರ ಕಂಪನಿಯೊಳಗೆ ಈಗ ವಿನ್ಯಾಸಕರದೋ, ಸಾಫ್ಟ್‌ವೇರ್ ತಂಡದ್ದೋ, ಡೀಲರುಗಳದ್ದೋ ಎಂಬುದೂ ಇನ್ನೂ ಇತ್ಯರ್ಥವಾಗಿಲ್ಲ.